ಕಡಿಮೆ ದುಡ್ಡಿಗೆ ಸಮುದ್ರದ ಟ್ಯಾಂಕ್ ಇಡೋಕಾಗುತ್ತಾ?

ಮನೆಗೆ ಬಂದವರು ಟ್ಯಾಂಕ್ ಮುಂದೆ ನಿಂತು ಮೊದಲು ಕೇಳುವುದು "ಇದು ನಿಜವಾದ ಹವಳಾನಾ?" ಅಂತ. ಹೌದು ಅಂದ ಕೂಡಲೇ "ಎಷ್ಟಾಯ್ತು?" ಅಂತಾರೆ. ಗಪ್ಪಿ, ಗೋಲ್ಡ್‌ಫಿಶ್ ಸಾಕಿ ಪಳಗಿದವರು ಇನ್ನೂ ನೇರ: ಲಕ್ಷಗಟ್ಟಲೆ ಸುರಿಯದೆ ಇಂಥದ್ದೊಂದು ನಮ್ಮನೇಲೂ ಆಗುತ್ತಾ?

ಆಗುತ್ತೆ. ಆದರೆ ಅಂಗಡಿಗೆ ಹೋಗುವ ಮೊದಲೇ ಏನು ಸಾಕುತ್ತೀರಿ ಅಂತ ತೀರ್ಮಾನ ಮಾಡಿಕೊಂಡಿರಬೇಕು. ಖರ್ಚೆಲ್ಲ ನಿಂತಿರೋದು ಅದರ ಮೇಲೆ. ಅಕ್ರೊಪೊರಾದಂಥ ಗಟ್ಟಿ ಹವಳಕ್ಕೆ ಪ್ರಖರ ಬೆಳಕು ಬೇಕು, ದಿನಾ ಕ್ಯಾಲ್ಸಿಯಂ ಹಾಕುವ ಡೋಸಿಂಗ್ ಪಂಪ್ ಬೇಕು, ನೀರಿನ ಗುಣ ಒಂದಿಷ್ಟೂ ಅಲುಗಾಡಬಾರದು. ಲಕ್ಷ ಖರ್ಚಾಗೋದು ಅಲ್ಲಿ. ಮಶ್ರೂಮ್, ಜೊವಾಂಥಿಡ್, ಲೆದರ್, ಗ್ರೀನ್ ಸ್ಟಾರ್ ಪಾಲಿಪ್‌ನಂಥ ಮೆತ್ತನೆಯ ಹವಳಕ್ಕೆ ಅಷ್ಟು ಬೆಳಕು ಬೇಡ, ಡೋಸಿಂಗ್ ಬೇಡ. ವಾರಕ್ಕೊಮ್ಮೆ ಹತ್ತನೇ ಒಂದು ಭಾಗ ನೀರು ಬದಲಿಸಿದರೆ ಸಾಕು. ಅವುಗಳ ಜತೆ ಎರಡು ಕ್ಲೌನ್‌ಫಿಶ್, ನಾಲ್ಕೈದು ಬಸವನಹುಳು. ಸಣ್ಣ ಟ್ಯಾಂಕಿಗೆ ಅಲ್ಲಿಗೆ ಸಂಸಾರ ಪೂರ್ತಿಯಾಯಿತು.

ಗಟ್ಟಿ ಹವಳ ಬೇಡ ಅನ್ನೋಕೆ ಇನ್ನೊಂದು ಕಾರಣವೂ ಇದೆ. ಸಮುದ್ರದಲ್ಲಿ ದಿಬ್ಬ ಕಟ್ಟುವ ಇಂಥ ಎಲ್ಲ ಗಟ್ಟಿ ಹವಳಗಳನ್ನೂ 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಷೆಡ್ಯೂಲಿಗೆ ಸೇರಿಸಿದ್ದಾರೆ. ಸಮುದ್ರ ಕುದುರೆ, ಬೀಸಣಿಗೆಯಂತೆ ಹರಡುವ ಸೀ ಫ್ಯಾನ್ ಹವಳ ಕೂಡ ಕಾಯ್ದೆಯ ರಕ್ಷಣೆಯಲ್ಲಿವೆ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋದವರು ನೆನಪಿಗೆ ಅಂತ ಒಂದು ತುಂಡು ಎತ್ತಿಕೊಂಡು ಬಂದರೂ ಅಪರಾಧವೇ, ಅದು ಸತ್ತ ಹವಳವಾಗಿದ್ದರೂ. ಅಂಗಡಿಯಲ್ಲಿ "ಡೆಡ್ ಕೋರಲ್" ಅಂತ ಬೆಳ್ಳಗೆ ಕಾಣುವ ಕೊಂಬೆ ತೋರಿಸಿದರೆ ಮುಟ್ಟೋಕೆ ಹೋಗಬೇಡಿ. ಸಿಮೆಂಟಲ್ಲೋ ಸೆರಾಮಿಕ್ಕಲ್ಲೋ ಮಾಡಿದ ಕೃತಕ ಕಲ್ಲು ಸಿಗುತ್ತೆ, ಅಗ್ಗವೂ ಹೌದು. ನಾಲ್ಕು ತಿಂಗಳಲ್ಲಿ ಅದರ ಮೇಲೆ ನೇರಳೆ ಪಾಚಿ ಹಬ್ಬಿದರೆ ಯಾವ ಕಲ್ಲು ಅಂತ ಯಾರಿಗೂ ಗೊತ್ತಾಗಲ್ಲ.

ಟ್ಯಾಂಕ್ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ ಇದ್ದರೆ ಸಾಕು. ಇದಕ್ಕಿಂತ ಚಿಕ್ಕದು ಅಗ್ಗ ಅನಿಸುತ್ತೆ, ಆದರೆ ನೀರು ಕಡಿಮೆಯಾದಷ್ಟೂ ಏರುಪೇರು ಬೇಗ. ಕಲ್ಲು, ಮರಳು ಹಾಕಿದ ಮೇಲೆ ಇದರಲ್ಲಿ ನಿಲ್ಲೋದು ಸುಮಾರು 45 ಲೀಟರ್. ಗಾಜು, ಕಲ್ಲು ಎಲ್ಲ ಸೇರಿ 70 ಕಿಲೋ ದಾಟೋದರಿಂದ ಟಿವಿ ಸ್ಟ್ಯಾಂಡ್ ಮೇಲೆ ಇಡಬೇಡಿ. ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್ ಇಷ್ಟು ಸಣ್ಣ ಟ್ಯಾಂಕಿಗೆ ಬೇಕಿಲ್ಲ. ಹಿಂದೆ ತೂಗುಹಾಕುವ ಫಿಲ್ಟರ್, ನೀರು ಅಲುಗಾಡಿಸುವ ಒಂದು ವೇವ್‌ಮೇಕರ್, 100 ವ್ಯಾಟ್ ಹೀಟರ್, ನೀಲಿ ಬೆಳಕು ಹೆಚ್ಚಿರುವ ಎಲ್‌ಇಡಿ. ಲೈಟ್ ಸೆಕೆಂಡ್‌ಹ್ಯಾಂಡ್ ಆದರೂ ನಡೆಯುತ್ತೆ. ಹೀಟರ್ ಮಾತ್ರ ಹೊಸದೇ ಇರಲಿ.

ದುಡ್ಡು ಉಳಿಸೋಕೆ ಹೋಗಬಾರದ ಜಾಗ ನೀರು. ಕಾವೇರಿ ನೀರಲ್ಲಿ ಕ್ಲೋರಿನ್, ಬೋರ್‌ವೆಲ್ ನೀರಲ್ಲಿ ಗಡಸುತನ, ಎಷ್ಟೋ ಕಡೆ ನೈಟ್ರೇಟ್. ಅಡುಗೆಮನೆಯ ಆರ್‌ಓ ಇದೆಯಲ್ಲ ಅಂತೀರಿ. ಅದರ ನೀರಿಗೆ ಟಿಡಿಎಸ್ ಮೀಟರ್ (ನೀರಲ್ಲಿ ಕರಗಿರುವ ಲವಣ ಅಳೆಯುವ ಕಡ್ಡಿ) ಅದ್ದಿ ನೋಡಿ: 30, 50, ಕೆಲವೊಮ್ಮೆ 80. ರುಚಿಗೆ ಅಂತ ಅದರೊಳಗೆ ಒಂದಿಷ್ಟು ಹಳೇ ನೀರನ್ನೋ ಖನಿಜವನ್ನೋ ಮತ್ತೆ ಬೆರೆಸಿರುತ್ತಾರೆ. ನಮಗೆ ಬೇಕಿರೋದು ಸೊನ್ನೆ. ಆ ಆರ್‌ಓದಿಂದ ನೀರು ಹೊರಬರುವ ಕಡೆ, ಉಳಿದ ಲವಣವನ್ನೂ ಹೀರುವ ಒಂದು ಡಿಐ ರೆಸಿನ್ ಕಾರ್ಟ್ರಿಜ್ ಜೋಡಿಸಿದರೆ ಮೀಟರ್ ಸೊನ್ನೆಗೆ ಇಳಿಯುತ್ತೆ. ಹೊಸ ಮೆಷಿನ್ ಕೊಳ್ಳುವ ಖರ್ಚು ಉಳಿಯಿತು.

ಉಪ್ಪು ಅಂದರೆ ಕಲ್ಲುಪ್ಪಲ್ಲ, ಅಯೋಡಿನ್ ಪುಡಿಯುಪ್ಪಂತೂ ಅಲ್ಲವೇ ಅಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಅಳತೆಗೆ ಬೆರೆಸಿದ ರೀಫ್ ಸಾಲ್ಟ್ ಬೇಕು. ಲೀಟರಿಗೆ ಹೆಚ್ಚುಕಡಿಮೆ 37 ಗ್ರಾಂ ಹಾಕಿದರೆ ಸಮುದ್ರದ ಮಟ್ಟ, ಅಂದರೆ ಸಾವಿರಕ್ಕೆ 35 ಭಾಗ ಬರುತ್ತೆ. ಮೊದಲ ಸಲ ತುಂಬೋಕೆ ಎರಡು ಕಿಲೋ ಒಳಗೇ ಆಗುತ್ತೆ. ಆಮೇಲಿನ ವಾರದ ಬದಲಾವಣೆಗೆ ವರ್ಷಕ್ಕೆ ಇನ್ನೊಂದು ಒಂಬತ್ತು ಕಿಲೋ. ಮಂಗಳೂರು, ಉಡುಪಿಯವರು "ಸಮುದ್ರ ಇಲ್ಲೇ ಇದೆಯಲ್ಲ ಮಾರಾಯ್ರೆ" ಅಂತಾರೆ. ಮಳೆಗಾಲದಲ್ಲಿ ನೇತ್ರಾವತಿ, ಸ್ವರ್ಣಾ ತುಂಬಿ ಹರಿದು ದಡದ ನೀರು ಸಪ್ಪೆಯಾಗಿ ಕೆಂಪಾಗಿರುತ್ತೆ; ಉಳಿದ ಕಾಲದಲ್ಲೂ ಬಂದರಿನ ಎಣ್ಣೆ, ಚರಂಡಿ ಇದ್ದದ್ದೇ. ನಾನಂತೂ ಬೇಡ ಅಂತೀನಿ.

ಇನ್ನು ಆವಿಯ ಲೆಕ್ಕ. ನೀರು ಆರುತ್ತೆ, ಉಪ್ಪು ಆರಲ್ಲ. ದಿನಕ್ಕೆ ಒಂದು ಲೀಟರ್ ಹೋದರೆ ಮೂರೇ ದಿನಕ್ಕೆ 35 ಇದ್ದದ್ದು 37.5 ಆಗುತ್ತೆ. ಟ್ಯಾಂಕಿನ ಹಿಂದಿನ ಗಾಜಿಗೆ ನೀರಿನ ಮಟ್ಟಕ್ಕೆ ಸರಿಯಾಗಿ ಒಂದು ತುಂಡು ಟೇಪ್ ಅಂಟಿಸಿ, ಬೆಳಗ್ಗೆ ಕಾಫಿಗೆ ನೀರಿಡುವಾಗಲೇ ಆ ಗೆರೆಯವರೆಗೆ ಉಪ್ಪಿಲ್ಲದ ಸೊನ್ನೆ ಟಿಡಿಎಸ್ ನೀರು ಸುರಿಯಿರಿ. ಉಪ್ಪು ನೋಡೋಕೆ ರಿಫ್ರಾಕ್ಟೋಮೀಟರ್ ತಗೊಳ್ಳಿ, ಪ್ಲಾಸ್ಟಿಕ್ಕಿನ ಮುಳ್ಳಿನ ಮೀಟರ್ ನಂಬಬೇಡಿ.

ನೀರಿನ ಬಿಸಿ 25, 26 ಡಿಗ್ರಿ ಇದ್ದರೆ ಒಳ್ಳೆಯದು. ಬೆಂಗಳೂರಿನ ಏಪ್ರಿಲ್‌ನಲ್ಲಿ ನೀರಿನ ಮೇಲೆ ಒಂದು ಚಿಕ್ಕ ಫ್ಯಾನ್ ತಿರುಗಿಸಿದರೆ ಎರಡು ಮೂರು ಡಿಗ್ರಿ ಇಳಿದು ನೀರು ತಣಿಸುವ ಚಿಲ್ಲರ್ ಮೆಷಿನ್ನಿನ ಖರ್ಚು ತಪ್ಪುತ್ತೆ. ಕರಾವಳಿಯ ಸೆಕೆಯಲ್ಲಿ ಗಾಳಿಯೇ ಒದ್ದೆ, ಅಲ್ಲಿ ಫ್ಯಾನ್ ಅಷ್ಟು ಕೆಲಸ ಮಾಡಲ್ಲ.

ನೀರು ತುಂಬಿ ಮಾರನೇ ದಿನ ಮೀನು ಬಿಡುವ ಆಸೆ ಎಲ್ಲರಿಗೂ. ಆದರೆ ಮೀನಿನ ಗಲೀಜಿನಿಂದ ಬರುವ ವಿಷ ಅಮೋನಿಯಾ. ಅದನ್ನು ನೈಟ್ರೈಟ್ ಮಾಡುವ, ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಕಲ್ಲಿನಲ್ಲಿ ನೆಲೆಯೂರೋಕೆ ನಾಲ್ಕರಿಂದ ಆರು ವಾರ ಬೇಕು. ಮೀನು ಮಾರುಕಟ್ಟೆಯ ಒಂದು ಸಿಗಡಿ ಹಾಕಿ ಕೊಳೆಯಲು ಬಿಟ್ಟರೆ ಆ ಬ್ಯಾಕ್ಟೀರಿಯಾದ ಆಹಾರವಾದ ಅಮೋನಿಯಾಕ್ಕೆ ಬೇರೆ ಖರ್ಚಿಲ್ಲ, ವಾಸನೆ ಸಹಿಸಬೇಕು ಅಷ್ಟೇ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾದ ಮೇಲೆ ಬೇರೆ ಬೇರೆ ಗಾತ್ರದ ಎರಡು ಮರಿ ಕ್ಲೌನ್‌ಫಿಶ್ ತನ್ನಿ. ದೊಡ್ಡದು ಹೆಣ್ಣಾಗುತ್ತೆ, ಚಿಕ್ಕದು ಗಂಡಾಗಿ ಉಳಿಯುತ್ತೆ, ಜಗಳ ಕಡಿಮೆ. ಸಾಕಣೆಯಲ್ಲೇ ಹುಟ್ಟಿದ ಮರಿ ಕೇಳಿ ತಗೊಳ್ಳಿ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಸಿಎಂಎಫ್‌ಆರ್‌ಐನವರು ಇವನ್ನು ಮರಿ ಮಾಡಿಸುವ ವಿಧಾನ ರೂಪಿಸಿದ್ದಾರೆ, ಸಮುದ್ರದಿಂದ ಹಿಡಿದು ತರಬೇಕಾದ ಕಾಲ ಇದಲ್ಲ. ನೀಲಿ ಟ್ಯಾಂಗ್ ಬೇಕು ಅಂತ ಮಕ್ಕಳು ಹಟ ಹಿಡಿದರೆ, ಅದು ಒಂದಡಿ ಬೆಳೆಯುವ ಮೀನು ಅಂತ ಟ್ಯಾಂಕಿನ ಅಗಲ ತೋರಿಸಿ.

ಹವಳದ ತುಂಡುಗಳನ್ನು ಹವ್ಯಾಸಿಗಳ ಹತ್ತಿರವೇ ಕೇಳಿ. ಮಶ್ರೂಮ್, ಸ್ಟಾರ್ ಪಾಲಿಪ್ ಹಬ್ಬಿ ಜಾಗ ಸಾಲದೆ ಹಂಚುವವರು ಎಲ್ಲ ಊರಲ್ಲೂ ಇದ್ದಾರೆ. ಒಂದು ಎಚ್ಚರಿಕೆ: ಹಳೇ ಟ್ಯಾಂಕಿನ ಕಲ್ಲನ್ನು ಅಗ್ಗಕ್ಕೆ ತಂದು ಯಾವ ಕಾರಣಕ್ಕೂ ಕುದಿಸಬೇಡಿ. ಕೆಲವು ಜೊವಾಂಥಿಡ್‌ಗಳಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷ ಇರುತ್ತೆ, ಹಬೆಯಲ್ಲಿ ಅದನ್ನು ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಉದಾಹರಣೆಗಳು ಹೊರದೇಶಗಳಲ್ಲಿವೆ. ಮುಟ್ಟುವಾಗ ಗ್ಲೌಸ್ ಇರಲಿ.

ಎಲ್ಲ ಸೇರಿ 20ರಿಂದ 30 ಸಾವಿರ ಇಟ್ಟುಕೊಳ್ಳಿ, ಅದೂ ಒಂದೇ ದಿನಕ್ಕಲ್ಲ, ಮೂರು ತಿಂಗಳಿಗೆ ಹಂಚಿ. ಊರಿಗೆ ಹೋಗುವಾಗ ಏನು ಮಾಡೋದು ಅಂತ ಕೇಳ್ತೀರಿ, ಗೊತ್ತು. ಮೀನಿನ ತಿಂಡಿಯನ್ನು ದಿನಕ್ಕೊಂದರಂತೆ ಪೊಟ್ಟಣ ಕಟ್ಟಿ ಪಕ್ಕದ ಮನೆಯವರ ಕೈಗೆ ಕೊಡಿ, ಡಬ್ಬ ಮಾತ್ರ ಕೊಡಬೇಡಿ. ಪ್ರೀತಿಗೆ ಡಬ್ಬ ಖಾಲಿ ಮಾಡಿಬಿಡ್ತಾರೆ.