'ಟಕ್' ಅಂದು ಸುಮ್ಮನಾಗುವ ಹಳೇ ಜೆಟ್ ಸ್ಕೀ

ಸ್ಟಾರ್ಟ್ ಬಟನ್ ಒತ್ತಿದರೆ ಒಂದೇ ಸಲ 'ಟಕ್' ಅನ್ನುತ್ತದೆ. ಆಮೇಲೆ ಏನೂ ಇಲ್ಲ. ಹಳೇ ಜೆಟ್ ಸ್ಕೀ, ಅಂದರೆ ನೀರಿನ ಮೇಲೆ ಓಡುವ ಬೈಕ್, ಇಟ್ಟುಕೊಂಡವರಿಗೆ ಈ ಸದ್ದು ಚೆನ್ನಾಗಿ ಗೊತ್ತು. ಸುತ್ತ ನಿಂತವರು ತಲೆಗೊಂದು ಸಲಹೆ ಕೊಡುತ್ತಾರೆ: ಬ್ಯಾಟರಿ ಬದಲಾಯಿಸು, ಸೆಲ್ಫ್ ಮೋಟಾರ್ ಹೋಗಿದೆ, ರಿಲೇ (ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್) ಹೊಸದು ಹಾಕು. ನನ್ನದು 1990ರ ದಶಕದ, ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಗಾಡಿ. ಈ ಸೀಸನ್‌ನಲ್ಲಿ ಅದೂ ಹೀಗೇ ಮುಷ್ಕರ ಹೂಡಿತು. ಒಂದು ಪಾರ್ಟನ್ನೂ ಕೊಳ್ಳುವ ಮೊದಲು ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ತೆಗೆದುಕೊಂಡು ಕೂತೆ. ಹಳೇ ಗಾಡಿಗೆ ಊಹೆ ಮೇಲೆ ಪಾರ್ಟ್ ಹಾಕುವುದು ನನಗೆ ಒಪ್ಪುವುದಿಲ್ಲ. ಕರೆಂಟ್ ಎಲ್ಲಿವರೆಗೆ ಬರುತ್ತಿದೆ ಅಂತ ನೋಡಿದರೆ ಗಾಡಿಯೇ ಉತ್ತರ ಹೇಳುತ್ತದೆ.

ಕೈ ಹಾಕುವ ಮೊದಲು ಸೀಟ್ ತೆಗೆದು ಗಾಳಿಯಾಡಲು ಬಿಡಿ. ಜೆಟ್ ಸ್ಕೀ ಹೊಟ್ಟೆ ಮುಚ್ಚಿದ ಡಬ್ಬಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಕೆಳಗೇ ಕೂತಿರುತ್ತದೆ. ಅಲ್ಲಿ ಒಂದು ಕಿಡಿ ಹಾರಿದರೂ ಸಾಕು. ಪೆಟ್ರೋಲ್ ವಾಸನೆ ಇದ್ದರೆ ಬ್ಯಾಟರಿ ವೈರ್ ಮುಟ್ಟಲೇಬೇಡಿ. ಮೊದಲು ಆ ಸೋರಿಕೆ ಹುಡುಕಿ.

ಇನ್ನೊಂದು ಕೆಲಸ, ಇಂಜಿನ್ ತಿರುಗುತ್ತದಾ ಅಂತ ನೋಡುವುದು. ಸಿಲಿಂಡರ್ ಒಳಗೆ ನೀರು ನಿಂತಿದ್ದರೂ ಇದೇ 'ಟಕ್' ಕೇಳಿಸುತ್ತದೆ. ನೀರು ಗಾಳಿಯ ಹಾಗೆ ಒತ್ತಿದರೆ ಕುಗ್ಗುವುದಿಲ್ಲ, ಪಿಸ್ಟನ್ ಅಲ್ಲೇ ನಿಂತುಬಿಡುತ್ತದೆ. ಹಠಕ್ಕೆ ಬಿದ್ದು ಬಟನ್ ಒತ್ತುತ್ತಾ ಹೋದರೆ ಕನೆಕ್ಟಿಂಗ್ ರಾಡ್ ಬಗ್ಗಬಹುದು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಲ್ಯಾನ್ಯಾರ್ಡ್ (ಸವಾರನಿಗೆ ಕಟ್ಟುವ ದಾರ, ಕಿತ್ತರೆ ಇಂಜಿನ್ ನಿಲ್ಲುತ್ತದೆ) ಕಿತ್ತಿಟ್ಟು, ಇಂಜಿನ್ ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡಿ. ನನ್ನದು ಸಲೀಸಾಗಿ ತಿರುಗಿತು, ನೀರೂ ಇರಲಿಲ್ಲ. ಪ್ಲಗ್ ಬಿಚ್ಚಿಟ್ಟು ಸೆಲ್ಫ್ ಹೊಡೆಯುವುದಾದರೆ ಪ್ಲಗ್ ವೈರುಗಳನ್ನು ಇಂಜಿನ್‌ಗೆ ಅರ್ತ್ ಮಾಡಿ. ಸುಮ್ನೆ ನೇತಾಡಲು ಬಿಟ್ಟರೆ ಕಿಡಿಗೆ ಬೆಂಕಿ ಹತ್ತಬಹುದು, ಇಗ್ನಿಷನ್ ಬಾಕ್ಸೂ ಸುಟ್ಟುಹೋಗಬಹುದು.

ಸ್ಟಾರ್ಟ್ ಮಾಡುವ ವ್ಯವಸ್ಥೆಯಲ್ಲಿ ಎರಡು ದಾರಿಗಳಿವೆ. ಸಣ್ಣ ವೈರಿನದು ಒಂದು: ಫ್ಯೂಸ್, ಲ್ಯಾನ್ಯಾರ್ಡ್ ಸ್ವಿಚ್, ಸ್ಟಾರ್ಟ್ ಬಟನ್, ಅಲ್ಲಿಂದ ರಿಲೇಯ ಕಾಯಿಲ್ (ಆ ಸ್ವಿಚ್ಚನ್ನು ಎಳೆಯುವ ತಂತಿ ಸುರುಳಿ). ದಪ್ಪ ವೈರಿನದು ಇನ್ನೊಂದು: ಬ್ಯಾಟರಿ, ರಿಲೇ, ಸೆಲ್ಫ್ ಮೋಟಾರ್, ಮತ್ತೆ ಇಂಜಿನ್ ಮೈಯಿಂದ ಅರ್ತ್ ಕೇಬಲ್ ಮೂಲಕ ಬ್ಯಾಟರಿಗೆ ವಾಪಸ್. ಗಟ್ಟಿಯಾಗಿ 'ಟಕ್' ಅಂದರೆ ಸಣ್ಣ ದಾರಿ ಕೆಲಸ ಮಾಡುತ್ತಿದೆ ಅಂತ ಅರ್ಥ. ಟಕ್ಕೂ ಇಲ್ಲ, ಏನೂ ಇಲ್ಲ ಅಂದರೆ ಮೊದಲು ಫ್ಯೂಸ್, ಆಮೇಲೆ ಲ್ಯಾನ್ಯಾರ್ಡ್ ನೋಡಿ. 1990ರ ದಶಕದ ನಡುವಿನಿಂದ ಬಂದ ಸೀ-ಡೂ ಬ್ರ್ಯಾಂಡಿನ ಹಲವು ಗಾಡಿಗಳಲ್ಲಿ ಲ್ಯಾನ್ಯಾರ್ಡ್ ಟೋಪಿಯೊಳಗೆ ಚಿಪ್ ಇರುತ್ತದೆ. ಅದನ್ನು ಕೂರಿಸಿದಾಗ ಎರಡು ಸಣ್ಣ ಬೀಪ್ ಬರಬೇಕು. ಬರದಿದ್ದರೆ ಸೆಲ್ಫ್ ಮೋಟಾರಿನ ತನಕ ಹೋಗುವ ಅಗತ್ಯವೇ ಇಲ್ಲ. ಟೋಪಿಯನ್ನೂ ಅದು ಕೂರುವ ಗುಂಡಿಯನ್ನೂ ಒರೆಸಿ ಮತ್ತೆ ಹಾಕಿ ನೋಡಿ. ಟಕ್ ಟಕ್ ಟಕ್ ಅಂತ ಬೇಗ ಬೇಗ ಬಡಿದುಕೊಂಡರೆ ಸಾಮಾನ್ಯವಾಗಿ ಬ್ಯಾಟರಿ ಇಳಿದಿದೆ, ಇಲ್ಲಾ ಅದರ ಟರ್ಮಿನಲ್ ಲೂಸ್ ಆಗಿದೆ.

ನನ್ನ ಗಾಡಿಯ ಬ್ಯಾಟರಿ ಮೀಟರಿನಲ್ಲಿ 12.7 ತೋರಿಸಿತು. ಫುಲ್ ಚಾರ್ಜ್ ಆದ ಬ್ಯಾಟರಿ ಕೆಲವು ಗಂಟೆ ಸುಮ್ಮನೆ ಇದ್ದ ಮೇಲೂ 12.6ರಿಂದ 12.8 ಇರಬೇಕು. 12 ವೋಲ್ಟ್ ಅಂದರೆ ಹೆಚ್ಚು ಕಮ್ಮಿ ಖಾಲಿ. ಆದರೆ ಕೆಲಸವಿಲ್ಲದೆ ಕೂತ ಬ್ಯಾಟರಿಯ ವೋಲ್ಟೇಜ್ ಅರ್ಧ ಕಥೆ ಮಾತ್ರ. ಬಟನ್ ಒತ್ತಿ ಹಿಡಿದಾಗ ಅದೇ ವೋಲ್ಟೇಜ್ ಏನಾಗುತ್ತದೆ ಅಂತ ನೋಡಬೇಕು. ಸೆಲ್ಫ್ ಸರಿಯಾಗಿ ಹೊಡೆಯುವಾಗ 10ರ ಆಸುಪಾಸಿಗೆ ಇಳಿದರೂ ಪರವಾಗಿಲ್ಲ. 8ಕ್ಕೋ 7ಕ್ಕೋ ಕುಸಿದರೆ ಬ್ಯಾಟರಿ ಸತ್ತಿದೆ, ಅಥವಾ ಮೋಟಾರ್ ಎಲ್ಲೋ ಜಾಮ್ ಆಗಿ ಕರೆಂಟ್ ನುಂಗುತ್ತಿದೆ.

ನನ್ನದು 11.7ರಲ್ಲೇ ನಿಂತಿತು. ನೋಡಿದವರು 'ಬ್ಯಾಟರಿ ಸೂಪರ್ ಆಗಿದೆ, ಮೋಟಾರೇ ಹೋಗಿದೆ' ಅಂದರು. ನನಗೆ ಕಂಡಿದ್ದು ಬೇರೆ. ಸೆಲ್ಫ್ ಮೋಟಾರ್ ನೂರು ಆಂಪಿಯರಿಗೂ ಜಾಸ್ತಿ ಎಳೆಯುವ ಸಾಮಾನು. ಈ ಪುಟ್ಟ ಬ್ಯಾಟರಿಯಿಂದ ಅಷ್ಟು ಎಳೆದಿದ್ದರೆ ವೋಲ್ಟೇಜ್ ಇನ್ನೂ ಬೀಳಬೇಕಿತ್ತು. ಬಿದ್ದಿಲ್ಲ ಅಂದರೆ ಕರೆಂಟ್ ಪೂರ್ತಿ ಹೋಗುತ್ತಿಲ್ಲ. ಅಡ್ಡಿ ಮೋಟಾರಿನ ಒಳಗೂ ಇರಬಹುದು, ದಾರಿಯಲ್ಲೂ ಇರಬಹುದು. ದಾರಿ ನೋಡುವುದು ಸುಲಭ, ಅಲ್ವಾ?

ಇಲ್ಲಿ ಮೀಟರನ್ನು ಓಮ್ ಅಳತೆಗೆ (ಕರೆಂಟಿಗೆ ಇರುವ ಅಡ್ಡಿ) ಇಟ್ಟು ಕೇಬಲ್ ಪರೀಕ್ಷೆ ಮಾಡುವವರಿಗೆ ಒಂದು ಮಾತು. ಅದರಿಂದ ಇಂಥ ದೋಷ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಕೇಬಲ್‌ನಲ್ಲಿ 0.02 ಓಮ್ ಅಡ್ಡಿ ಇದ್ದರೆ, ನೂರು ಆಂಪಿಯರ್ ಹರಿಯುವಾಗ 2 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. ಆದರೆ ಸಾಧಾರಣ ಮೀಟರಿಗೆ 0.02 ಓಮ್ ಕಾಣಿಸುವುದೇ ಇಲ್ಲ, 'ಕೇಬಲ್ ಸರಿ ಇದೆ' ಅನ್ನುತ್ತದೆ. ಕರೆಂಟ್ ಹರಿಯುವಾಗಲೇ ಅಳೆಯಬೇಕು. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಅದರ ವೈರಿನ ತುದಿಯ ಒಂದು ಚೂಪು ಮುಳ್ಳನ್ನು ಬ್ಯಾಟರಿಯ ಪ್ಲಸ್ ಕಂಬಕ್ಕೇ ಚುಚ್ಚಿ. ಕೇಬಲ್ ತುದಿಗಲ್ಲ, ಸೀಸದ ಕಂಬಕ್ಕೆ. ಇನ್ನೊಂದನ್ನು ಸೆಲ್ಫ್ ಮೋಟಾರಿನ ಬೋಲ್ಟಿಗೆ ಹಿಡಿದು ಬಟನ್ ಒತ್ತಿ. ಅರ್ಧ ವೋಲ್ಟ್ ಒಳಗಿದ್ದರೆ ಪ್ಲಸ್ ಕಡೆ ಚೊಕ್ಕವಾಗಿದೆ. ಜಾಸ್ತಿ ಬಂದರೆ ರಿಲೇಯ ಎರಡು ದಪ್ಪ ಬೋಲ್ಟುಗಳ ನಡುವೆ ಹಿಡಿದು ನೋಡಿ. ಒಳಗಿನ ಪಾಯಿಂಟ್ ಸುಟ್ಟಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಒಂದೊಂದು ಸಲಕ್ಕೂ ಎರಡು ಮೂರು ಸೆಕೆಂಡ್ ಸಾಕು.

ನನ್ನ ಪ್ಲಸ್ ಕಡೆ 0.3 ಬಂತು. ಆಮೇಲೆ ಒಂದು ಮುಳ್ಳು ಮೈನಸ್ ಕಂಬಕ್ಕೆ, ಇನ್ನೊಂದು ಇಂಜಿನ್ನಿನ ಬರಿಮೈ ಅಲ್ಯೂಮಿನಿಯಂಗೆ. ಬಟನ್ ಒತ್ತಿದರೆ 7.9 ವೋಲ್ಟ್! ಬ್ಯಾಟರಿ ಕೊಡುತ್ತಿದ್ದ ಶಕ್ತಿಯ ಹೆಚ್ಚಿನ ಪಾಲು ಒಂದು ಅರ್ತ್ ಕೇಬಲ್ ಕುಡಿದು ಕೂತಿತ್ತು.

ಆ ಕೇಬಲ್ ಹೊರಗಿನಿಂದ ನೋಡಿದರೆ ಏನೂ ಆಗಿಲ್ಲ. ಬೋಲ್ಟ್ ಬಿಗಿ, ರಬ್ಬರ್ ಕಪ್ಪಗೆ ಚೆನ್ನಾಗೇ ಇದೆ. ಇಂಜಿನ್ ಕಡೆಯ ತುದಿಯಲ್ಲಿ, ಬೋಲ್ಟ್ ಹಾಕುವ ಲೋಹದ ಲಗ್‌ನಿಂದ ಎರಡು ಬೆರಳು ಹಿಂದೆ ಹಿಡಿದು ಬಗ್ಗಿಸಿದೆ. ಒಳಗೆ ಕರಕರ ಅಂತು. ರಬ್ಬರ್ ಸೀಳಿದಾಗ ಹಸಿರು ಪುಡಿ ಉದುರಿತು. ಲಗ್ ಬಾಯಿಂದ ಹೊಕ್ಕ ನೀರು ತಾಮ್ರದ ಎಳೆಗಳ ನಡುವೆ ಒಳಒಳಗೇ ಹತ್ತಿಕೊಂಡು ಹೋಗಿತ್ತು. ಬೆರಳೆಣಿಕೆಯ ಎಳೆಗಳು ಮಾತ್ರ ಉಳಿದಿದ್ದವು, ಅವೂ ಕರ್ರಗೆ. ರಿಲೇಯ ಕಾಯಿಲ್‌ಗೆ ಬೇಕಾದ ಸಣ್ಣ ಕರೆಂಟನ್ನು ಅವು ಸಲೀಸಾಗಿ ಸಾಗಿಸುತ್ತಿದ್ದವು, ಅದಕ್ಕೇ ಆ ಗಟ್ಟಿ 'ಟಕ್'. ಮೋಟಾರ್ ತಿರುಗಿಸುವುದು ಮಾತ್ರ ನೂಲೆಳೆಯಲ್ಲಿ ತೇರು ಎಳೆದ ಹಾಗೆ.

ಕಪ್ಪಾದ ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ. ತುದಿ ಕತ್ತರಿಸಿ ಹೊಸ ಲಗ್ ಹಾಕೋಣ ಅಂದರೆ ಕಪ್ಪು ಇನ್ನೂ ಮೇಲಕ್ಕೆ ಹೋಗಿತ್ತು. ಹಾಗಾಗಿ ಇಡೀ ಕೇಬಲ್ ಬದಲಾಯಿಸಿದೆ. ಅಷ್ಟೇ ದಪ್ಪದ್ದು, ತವರ ಲೇಪಿಸಿದ ತಾಮ್ರದ್ದು, ದೋಣಿಗಳಿಗೆ ಬಳಸುವಂಥದ್ದು. ಲಗ್ಗನ್ನು ಒತ್ತಿ ಕೂರಿಸಿ, ಮೇಲೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗುವ ಕೊಳವೆ) ಹಾಕಿದೆ. ಬಿಸಿ ಮಾಡಿದಾಗ ತುದಿಯಲ್ಲಿ ಅಂಟು ಸ್ವಲ್ಪ ಹೊರಗೆ ಒಸರಿದರೆ ನೀರಿನ ದಾರಿ ಮುಚ್ಚಿತು ಅಂತ ಲೆಕ್ಕ. ಬೋಲ್ಟ್ ಕೂರುವ ಜಾಗವನ್ನು ಹೊಳೆಯುವ ತನಕ ಎಮರಿ ಪೇಪರಿನಿಂದ ಉಜ್ಜಿದೆ. ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿದ್ದು ಬೋಲ್ಟ್ ಬಿಗಿ ಮಾಡಿದ ಮೇಲೆ. ಅದು ಕರೆಂಟ್ ಹರಿಸುವ ಗ್ರೀಸ್ ಅಲ್ಲ, ನೀರು ತಡೆಯುವುದಷ್ಟೇ ಅದರ ಕೆಲಸ.

ಮತ್ತೆ ಅಳೆದರೆ ಅರ್ತ್ ಕಡೆ 0.1. ಇಂಜಿನ್ ತಕ್ಷಣ ತಿರುಗಿತು. ಮೋಟಾರ್ ಹಳೇದೇ, ರಿಲೇ ಹಳೇದೇ, ಬ್ಯಾಟರಿಯೂ ಅದೇ.

ನೆಲದ ಮೇಲೆ ಸ್ಟಾರ್ಟ್ ಮಾಡಿ ನೋಡುವ ಆಸೆ ಆಗುತ್ತದೆ, ಅದು ಸಹಜ. ಅಲ್ಲಿ ಇಂಜಿನ್ ತಣ್ಣಗಿಡುವ ನೀರು ಇರುವುದಿಲ್ಲ, ಕೆಲವೇ ಸೆಕೆಂಡ್ ಓಡಿಸಿ ನಿಲ್ಲಿಸಿ. ಆ ನೀರಿಗೆ ಪೈಪ್ ಹಾಕಿ ಓಡಿಸುವುದಾದರೆ ಇಂಜಿನ್ ಮೊದಲು, ನೀರು ಆಮೇಲೆ. ನಿಲ್ಲಿಸುವಾಗ ಮೊದಲು ನೀರು, ಆಮೇಲೆ ಇಂಜಿನ್. ಹಿಂದೆ ಮುಂದೆ ಮಾಡಿದರೆ ಎಗ್ಸಾಸ್ಟ್ ದಾರಿಯಲ್ಲಿ ನೀರು ಸಿಲಿಂಡರಿಗೆ ನುಗ್ಗುತ್ತದೆ.