ಕಳೆದುಹೋದ 8.8 ವೋಲ್ಟ್

ಕಳ್ಳ ಸಿಕ್ಕಿಬಿದ್ದ. ಹಳ್ಳದ ನೀರಿನಿಂದ ಕರೆಂಟು ಮಾಡುವ ನನ್ನ ಪುಟ್ಟ ಟರ್ಬೈನಿನಿಂದ ಮನೆಗೆ ಬರುವ ದಾರಿಯಲ್ಲಿ ವೋಲ್ಟೇಜ್ ನುಂಗುತ್ತಿದ್ದುದು ಜಾಯಿಂಟೂ ಅಲ್ಲ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡೂ ಅಲ್ಲ. ಖುದ್ದು ತಂತಿಯೇ!

ಪೈಪು, ನೀರು ಚಿಮ್ಮಿಸುವ ನಾಝಲ್, ಅದರಿಂದ ತಿರುಗುವ ರನ್ನರ್ ಚಕ್ರಗಳ ಕಥೆ ಇಲ್ಲಿ ಬೇಡ. ಹೊಸನಗರ, ತೀರ್ಥಹಳ್ಳಿ ಕಡೆ ಹಳ್ಳದ ನೀರಿನಲ್ಲಿ ದೀಪ ಹಚ್ಚಲು ಹೊರಟವರಿಗೆ ಅದೆಲ್ಲ ಗೊತ್ತಿರುವುದೇ. ಜನರೇಟರಿನ ಎಸಿಯನ್ನು (ದಿಕ್ಕು ಬದಲಿಸುತ್ತ ಹರಿಯುವ ಕರೆಂಟು) ಹಳ್ಳದ ಬದಿಯಲ್ಲೇ ಡಿಸಿ (ಒಂದೇ ದಿಕ್ಕಿನದು) ಮಾಡಿ, 2.5 ಚದರ ಮಿ.ಮೀ. ತಂತಿಯಲ್ಲಿ ಮನೆಗೆ ತಂದಿದ್ದೇನೆ. ದೂರ 90 ಮೀಟರ್. ಹೋಗಲೊಂದು ಸುರುಳಿ, ಬರಲೊಂದು ಸುರುಳಿ. ಒಟ್ಟು 180 ಮೀಟರ್ ತಂತಿ.

4 ಆಂಪಿಯರ್ ಹರಿಯುವಾಗ ಹಳ್ಳದ ಬಳಿ 28.4 ವೋಲ್ಟ್ ಇದ್ದರೆ, ಮನೆಯಲ್ಲಿ 19.6 ಮಾತ್ರ. ಅಂದರೆ ಅಲ್ಲಿ ಹುಟ್ಟುವುದು 113.6 ವಾಟ್, ಇಲ್ಲಿ ಸಿಗುವುದು 78.4. ಉಳಿದ 35 ವಾಟ್ ಅಡಿಕೆ ತೋಟದ ಬೇಲಿಯನ್ನು ಬೆಚ್ಚಗಿಡಲು ಖರ್ಚಾಗುತ್ತಿತ್ತು. ತಂತಿಯಲ್ಲಿ ಸ್ವಲ್ಪ ನಷ್ಟ ಇದ್ದೇ ಇರುತ್ತದೆ, ಒಪ್ಪೋಣ. ಆದರೆ ಈ ಗಾತ್ರದ ತಾಮ್ರದ ಫ್ಲೆಕ್ಸಿಬಲ್ ತಂತಿಯ ರೋಧ, ಅಂದರೆ ಕರೆಂಟಿಗೆ ಒಡ್ಡುವ ತಡೆ, ಕಿಲೋಮೀಟರಿಗೆ 8 ಓಮ್ ದಾಟಬಾರದು. 180 ಮೀಟರಿಗೆ 1.44 ಓಮ್, ಅದರಲ್ಲಿ 4 ಆಂಪಿಯರ್ ಹರಿದರೆ ಇಳಿಯಬೇಕಾದದ್ದು 5.8 ವೋಲ್ಟ್. ಮಿಕ್ಕ ಮೂರು ವೋಲ್ಟಿನ ಲೆಕ್ಕ ಕೊಡುವವರು ಯಾರು?

ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ ನೋಡಬಾರದೇ ಎಂದರೆ, ಒಂದೆರಡು ಓಮ್ ಅಳೆಯುವಾಗ ಅಗ್ಗದ ಮೀಟರಿನ ಕಡ್ಡಿಗಳದ್ದೇ ಅರ್ಧ ಓಮ್ ಸೇರಿಕೊಳ್ಳುತ್ತದೆ. ಕರೆಂಟು ಹರಿಸಿ, ಇಳಿದ ವೋಲ್ಟನ್ನು ಆಂಪಿಯರಿನಿಂದ ಭಾಗಿಸುವುದೇ ನಂಬಿಕಸ್ಥ ದಾರಿ. ಹೊರೆಯಾಗಿ (ಕರೆಂಟನ್ನು ಬಳಸುವ ಸಾಧನವಾಗಿ) ಲಾರಿಯ 24 ವೋಲ್ಟಿನ ಬಲ್ಬುಗಳು ಕೈಯಲ್ಲಿದ್ದವು, ಆದರೆ ಈ ಕೆಲಸಕ್ಕೆ ಅವು ಒಗ್ಗುವುದಿಲ್ಲ. 21 ವಾಟಿನ ಬಲ್ಬು ಉರಿಯುವಾಗ 27 ಓಮ್; ತಣ್ಣಗಿರುವಾಗ ಅದರ ಹತ್ತನೇ ಒಂದು ಭಾಗದ ಆಸುಪಾಸು. ಟಂಗ್‌ಸ್ಟನ್ನಿನ ಸ್ವಭಾವವೇ ಹಾಗೆ. ಅಟ್ಟದಲ್ಲಿದ್ದ ಹಳೆಯ ಕರೆಂಟು ಒಲೆಯ ನೈಕ್ರೋಮ್ ಸುರುಳಿ ಮಾತ್ರ ಬಿಸಿಯಾದರೂ ಹೆಚ್ಚು ಬದಲಾಗದು. 230 ವೋಲ್ಟಿಗೆ 1000 ವಾಟ್ ಎಂದರೆ 52.9 ಓಮ್, ಹತ್ತನೇ ಒಂದು ಪಾಲಿಗಿಂತ ತುಸು ಗಿಡ್ಡ ತುಂಡು ಕತ್ತರಿಸಿ ಮಂಗಳೂರು ಹೆಂಚಿನ ಮೇಲೆ ಮಲಗಿಸಿದರೆ 4.9 ಓಮ್ ಸಿದ್ಧ.

ಎರಡೂ ತುದಿಗಳನ್ನು ಒಟ್ಟಿಗೇ ಅಳೆಯಬೇಕು. ಹಳ್ಳದ ಬಳಿ ಮೊಬೈಲ್ ಸಿಗ್ನಲ್ ಇಲ್ಲ. ಭಾವನ ಮಗ ಒಂದು ಮೀಟರ್ ಹಿಡಿದು ಅಲ್ಲಿ ಕುಳಿತ. ನಾನು ಜಗಲಿಯಿಂದ ಕೂ ಹಾಕಿದಾಗ ಅವನು ಅಂಕಿ ಕೂಗಬೇಕು. 'ಮಾವಾ, ಇಪ್ಪತ್ತೆಂಟು ಪಾಯಿಂಟ್ ನಾಲ್ಕು! ಉಂಬಳ ಹತ್ತಿತು!' ಎಂಬ ಜಿಗಣೆಯ ಸುದ್ದಿಯೂ ದಾಖಲೆ ಪುಸ್ತಕದಲ್ಲಿದೆ.

ಗುಟ್ಟು ಬಿಟ್ಟುಕೊಟ್ಟದ್ದು ಹೊರೆ ಬದಲಾಯಿಸಿ ಪಡೆದ ಅಂಕಿಗಳು. 1 ಆಂಪಿಯರಿಗೆ 2.2 ವೋಲ್ಟ್ ಇಳಿತ, 2ಕ್ಕೆ 4.4, 4ಕ್ಕೆ 8.8. ಡಯೋಡ್ ಆಗಿದ್ದರೆ ಇಳಿತ ಹೆಚ್ಚುಕಡಿಮೆ ಒಂದೇ ಕಡೆ ನಿಲ್ಲುತ್ತಿತ್ತು. ಇದು ಅಪ್ಪಟ ರೋಧ, 2.2 ಓಮ್. ಜಾಯಿಂಟುಗಳ ಮೇಲೆ ಒಂದೊಂದಾಗಿ ಮೀಟರ್ ಇಟ್ಟರೆ ಮಿಲಿವೋಲ್ಟ್‌ಗಳಷ್ಟೇ. ಹಾಗಾದರೆ ಉಳಿದದ್ದು ತಂತಿಯೊಂದೇ.

ಬಿಚ್ಚದೆ ಇಟ್ಟಿದ್ದ ಮೂರನೆಯ ಸುರುಳಿಯನ್ನು ಅಡಿಕೆಯ ತಕ್ಕಡಿಗೆ ಹಾಕಿದೆ. 90 ಮೀಟರಿನಲ್ಲಿ ತಾಮ್ರವೇ ಎರಡು ಕಿಲೋ ಇರಬೇಕು. ಪ್ಲಾಸ್ಟಿಕ್ ಸೇರಿಯೂ ಇದು ಎರಡು ಕಿಲೋ ಮುಟ್ಟಲಿಲ್ಲ. ಬ್ಲೇಡಿನಿಂದ ಒಂದು ಎಳೆ ಕೆರೆದರೆ ಒಳಗೆ ಬೆಳ್ಳಗೆ ಅಲ್ಯೂಮಿನಿಯಂ, ತಾಮ್ರಕ್ಕಿಂತ ಹಗುರ, ರೋಧ ಹೆಚ್ಚು. ಕವಚದ ಮೇಲೆ ಮಾತ್ರ 'ಶುದ್ಧ ತಾಮ್ರ' ಎಂದು ದಪ್ಪಕ್ಷರದಲ್ಲಿ ಮುದ್ರಿಸಿದ್ದಾರೆ. ಅಂಗಡಿಯವರಿಗೆ ಫೋನ್ ಮಾಡಿದರೆ, 'ಕರೆಂಟು ಹರಿಯುತ್ತದೆ ತಾನೇ ಸ್ವಾಮಿ?' ಎಂಬ ಉತ್ತರ. ಹರಿಯುತ್ತದೆ. ಈ ವಾದವನ್ನು ಒಪ್ಪಿದರೆ ಬೇಲಿಯ ಮುಳ್ಳುತಂತಿಯನ್ನೂ ತಾಮ್ರದ ದರಕ್ಕೆ ಮಾರಬಹುದು.

     

ತಂತಿ ಬದಲಾಯಿಸಲು ದುಡ್ಡಿಲ್ಲ, ಮನಸ್ಸೂ ಇಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದವರು ಹತ್ತಾರು ಸಾವಿರ ವೋಲ್ಟಿಗೆ ಏರಿಸಿಯೇ ಕಳಿಸಿದ್ದು. ವೋಲ್ಟ್ ಏರಿಸಿದರೆ ಅಷ್ಟೇ ವಾಟ್‌ಗೆ ಕಡಿಮೆ ಕರೆಂಟು ಸಾಕು, ಮತ್ತು ನಷ್ಟ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಜನರೇಟರಿನೊಳಗೆ ಸಮಾಂತರವಾಗಿ (ಅಕ್ಕಪಕ್ಕ) ಜೋಡಿಸಿರುವ ತಂತಿ ಸುತ್ತುಗಳನ್ನು ಸರಣಿಯಲ್ಲಿ (ಒಂದರ ಹಿಂದೊಂದು) ಜೋಡಿಸಿದರೆ ಅದೇ 113.6 ವಾಟ್ 56.8 ವೋಲ್ಟಿನಲ್ಲಿ ಬರುತ್ತದೆ. ಕರೆಂಟು 2 ಆಂಪಿಯರ್. ಇದೇ ದರಿದ್ರ ತಂತಿಯಲ್ಲೂ ನಷ್ಟ 8.8 ವಾಟ್‌ಗೆ ಇಳಿಯುತ್ತದೆ, ಈಗಿನ ಕಾಲುಭಾಗ. ಮನೆಯಲ್ಲಿ ಕನ್ವರ್ಟರ್ ಇಟ್ಟು 24ಕ್ಕೆ ಇಳಿಸಿಕೊಂಡರಾಯಿತು.

ಒಂದೇ ಅಪಾಯ: ಹೊರೆ ಕಳಚಿದರೆ ಟರ್ಬೈನ್ ಹುಚ್ಚೆದ್ದು ತಿರುಗಿ ವೋಲ್ಟೇಜ್ ನೂರರತ್ತ ಏರಬಹುದು. 50 ವೋಲ್ಟಷ್ಟೇ ತಾಳುವ ಕೆಪಾಸಿಟರುಗಳನ್ನು (ವಿದ್ಯುತ್ ಹಿಡಿದಿಡುವ ಬಿಡಿಭಾಗಗಳು) ಮೊದಲು ತೆಗೆದುಹಾಕಬೇಕು. ಹೆಚ್ಚಿನ ಕರೆಂಟನ್ನು ಸುಡಲು 28.4 ಓಮಿನ ಡಂಪ್ ಲೋಡ್ ಬೇಕು. ಒಲೆಯ ಸುರುಳಿಯಲ್ಲಿ ಉಳಿದಿರುವುದರ ಐದರಲ್ಲಿ ಮೂರು ಪಾಲು ಅದಕ್ಕೆ ಸರಿಹೋಗುತ್ತದೆ. ಹೆಂಚು ಇನ್ನೊಂದು ಬೇಕಾಗಬಹುದು.