ಹಂಗಾರ ತಪ್ಪು ಯಾರ್ದ್ರೀ?

ಕಥೆ ಬರೆಯುವ ಹುಡುಗರು, ಸಿಂಧನೂರಿನವರಿರಲಿ ಕೊಪ್ಪಳದವರಿರಲಿ, ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ: "ಪೂರ್ತಿ ಒಳ್ಳೆಯವನೂ ಅಲ್ಲ, ಪೂರ್ತಿ ಕೆಟ್ಟವನೂ ಅಲ್ಲ, ಅಂಥ ಪಾತ್ರ ಹೆಂಗ ಬರೀಬೇಕ್ರೀ?" ಅದರ ಬೆನ್ನಿಗೇ ಇನ್ನೊಂದು: "ಹಂಗ ಬರದ್ರ ತಪ್ಪು ಯಾರ್ದೂ ಅಲ್ಲ ಅಂದಂಗ ಆಗಂಗಿಲ್ಲೇನು?"

ಮೊದಲನೆಯದಕ್ಕೆ ಬಹಳ ಮಂದಿ ತಾವೇ ಒಂದು ಉತ್ತರ ಹಿಡಿದುಕೊಂಡು ಬಂದಿರುತ್ತಾರೆ. ಕೆಟ್ಟವನಿಗೆ ಒಂದು ಒಳ್ಳೆ ಗುಣ ಅಂಟಿಸುವುದು. ದಲಾಲಿ ಅಂಗಡಿ ಸಾಹುಕಾರ ತೂಕದಲ್ಲಿ ಹೊಡೆಯುತ್ತಾನೆ, ಆದರೆ ಬೀದಿನಾಯಿಗೆ ರೊಟ್ಟಿ ಹಾಕುತ್ತಾನೆ. ಇಲ್ಲವೇ ಚಿಕ್ಕವನಿದ್ದಾಗ ಅವನಪ್ಪ ಬಡಿಯುತ್ತಿದ್ದ. ನಾಯಿಗೂ ತೂಕಕ್ಕೂ ಸಂಬಂಧವೇ ಇಲ್ಲದ ಮೇಲೆ ಓದುಗ ಎರಡನ್ನೂ ಬೇರೆ ಬೇರೆ ಇಟ್ಟು ಮುಂದೆ ಹೋಗುತ್ತಾನೆ. ತಪ್ಪು ನಡೆಯುವ ಜಾಗದಲ್ಲೇ ಒಳ್ಳೆಯತನವೂ ಕೆಲಸ ಮಾಡುತ್ತಿರಬೇಕು.

ನಮ್ಮ ಕಡೆ ಇದಕ್ಕೆ ಕಾಲುವೆಗಿಂತ ಒಳ್ಳೆ ಜಾಗ ಹುಡುಕಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ 227 ಕಿಲೋಮೀಟರ್. ಯೋಜನೆಯ ಲೆಕ್ಕ ಬಹುಪಾಲು ಕಡಿಮೆ ನೀರಿನ ಬೆಳೆಗಳದ್ದು. ಮೇಲ್ಭಾಗದಲ್ಲಿ ಬೆಳೆದು ನಿಂತದ್ದು ಭತ್ತ. ಮಾನ್ವಿ, ರಾಯಚೂರು ಕಡೆಯ ಕೊನೆ ಭಾಗಕ್ಕೆ ನೀರು ಮುಟ್ಟದಿದ್ದಾಗ ಕೈ ತೋರಿಸಲು ಒಬ್ಬನೇ ಒಬ್ಬ ಖಳ ಸಿಗುವುದಿಲ್ಲ.

ಒಂದು ಪಾತ್ರ ಕಟ್ಟಿ ನೋಡೋಣ. ಮೇಲ್ಭಾಗದಲ್ಲಿ ಎಂಟು ಎಕರೆ ಗುತ್ತಿಗೆ ಹಿಡಿದ ರೈತ. ಬೆಳೆ ಬರಲಿ ಬಿಡಲಿ, ಹೊಲದ ಮಾಲೀಕನಿಗೆ ಎಕರೆಗೆ 12 ಚೀಲ ಅಳೆಯಬೇಕು, 75 ಕಿಲೋದ ಚೀಲ. ಭತ್ತ ಹೂ ಬಿಟ್ಟು ಕಾಳಿನಲ್ಲಿ ಹಾಲು ತುಂಬುತ್ತಿದೆ. ಈಗ ನೀರು ತಪ್ಪಿದರೆ ತೆನೆ ಜೊಳ್ಳು. ಸರದಿಯ ಪ್ರಕಾರ ಇದೇ ವಾರ ನೀರು ಕೆಳಗೆ ಹೋಗಬೇಕು. ರಾತ್ರಿ ಅವನು ವಿತರಣಾ ಕಾಲುವೆಗೆ ಇಳಿದು, ತನ್ನ ಹೊಲಕ್ಕೆ ನೀರು ಬಿಡುವ ತೂಬಿನ ತುಸು ಕೆಳಗೆ ಉಸುಕಿನ ಚೀಲಗಳನ್ನು ಅಡ್ಡ ಇಡುತ್ತಾನೆ. ಮಟ್ಟ ಏರುತ್ತದೆ, ತೂಬಿಗೆ ನೀರು ನುಗ್ಗುತ್ತದೆ, ಕೆಳಗೆ ನೀರಿನ ಮಟ್ಟ ಅಳೆಯುವ ಗೇಜಿನಲ್ಲಿ ಇಳಿಯುತ್ತದೆ. ಬೆಳಕು ಹರಿಯುವ ಮುಂಚೆ ಚೀಲ ಎತ್ತಿದರೆ ಗುರುತೂ ಉಳಿಯದು.

ಇಷ್ಟೇ ಆದರೆ ಪತ್ರಿಕೆಯ ಸುದ್ದಿ. ಕಥೆಯಾಗಬೇಕಾದರೆ ಅವನಿಗೆ ಇನ್ನೊಂದು ದಾರಿ ಇರಬೇಕು, ಆ ದಾರಿಗೆ ಬೆಲೆಯೂ ಇರಬೇಕು. ದಾರಿಯೇ ಇಲ್ಲದಿದ್ದರೆ ಅವನು ಬಡಪಾಯಿ. ಪುಕ್ಕಟೆ ದಾರಿ ಬಿಟ್ಟು ಬಂದಿದ್ದರೆ ಬರೀ ಕಳ್ಳ. ಹೀಗೆ ಮಾಡಿ: ಎರಡು ಎಕರೆ ಒಣಗಲು ಬಿಟ್ಟರೆ ಉಳಿದ ಆರಕ್ಕೆ ಪಕ್ಕದವನ ಹಳ್ಳದ ಮೋಟಾರು ಸಾಕು. ಗುತ್ತಿಗೆಯ 96 ಚೀಲ ಹೆಂಗೋ ಹುಟ್ಟುತ್ತದೆ, ಗೊಬ್ಬರದಂಗಡಿ ಬಾಕಿ ಮುಂದಿನ ಬೆಳೆಗೆ ಹೋಗುತ್ತದೆ. ಕಷ್ಟ, ಆದರೆ ಬದುಕಬಹುದು. ಅವನು ಅದನ್ನು ಲೆಕ್ಕ ಹಾಕಿ ನೋಡುತ್ತಾನೆ, ಬೇಡ ಅನ್ನುತ್ತಾನೆ. ಆಮೇಲೆ ಆ ರಾತ್ರಿ ಬಂದ ನೀರಿನ ಮೊದಲ ಪಾಲನ್ನು ಪಕ್ಕದ ಹೊಲದ, ಗಂಡ ಸತ್ತ ಹೆಂಗಸಿನ ಗದ್ದೆಗೆ ತಿರುಗಿಸುತ್ತಾನೆ. ಕದ್ದ ನೀರಿನಲ್ಲೇ ಮಾಡಿದ ಧರ್ಮ. ಈಗ ಓದುಗ ಎರಡನ್ನೂ ಬೇರೆ ಬೇರೆ ಇಡಲಿ ನೋಡೋಣ.

ಕಾರಣ ಎಲ್ಲಿ ಹೇಳಬೇಕು? ಚೀಲ ಇಟ್ಟ ಕೂಡಲೇ "ಯಾಕಂದರೆ ಅವನಿಗೆ ಸಾಲ ಇತ್ತು" ಎಂದು ಬರೆದರೆ ಲೇಖಕ ಕರಿಕೋಟು ಹಾಕಿಕೊಂಡು ವಾದಕ್ಕೆ ನಿಂತಂತೆ ಕಾಣುತ್ತದೆ. ಗೊಬ್ಬರದಂಗಡಿ ಚೀಟಿ, ಮಾಲೀಕನ ಫೋನು ಮೊದಲ ಎರಡು ಪುಟಗಳಲ್ಲೇ ಬಂದುಹೋಗಲಿ, ಒತ್ತು ಕೊಡದೆ. ಕೃತ್ಯದ ಹೊತ್ತಿಗೆ ಕೈ, ಚೀಲ, ನೀರು ಮಾತ್ರ ಸಾಕು.

ಎರಡನೆಯ ಪ್ರಶ್ನೆ ನಿಜಕ್ಕೂ ಗಟ್ಟಿಯದು. ತಪ್ಪು ತಪ್ಪೇ. ಅದು ಕರಗಿಹೋಗುವುದು ಪೆಟ್ಟು ತಿಂದವನು ಪುಟದಿಂದ ಕಾಣೆಯಾದಾಗ. 2,500 ಪದದ ಕಥೆಯಲ್ಲಿ ಉಸುಕಿನ ಚೀಲಕ್ಕೆ 300 ಪದ ಕೊಟ್ಟರೆ ಕೊನೆ ಭಾಗದ ಹೊಲಕ್ಕೆ 600 ಕೊಡಿ. ಸಾಧ್ಯವಾದರೆ ಅದನ್ನೇ ಮೊದಲು ಬರೆಯಿರಿ. ಆಮೇಲೆ ಬರೆದರೆ ಅಷ್ಟರಲ್ಲಿ ನೀವು ಮೇಲಿನವನ ಪಕ್ಷ ಸೇರಿರುತ್ತೀರಿ. ಅಲ್ಲಿನ ರೈತನನ್ನು ಮುಗ್ಧ ದೇವರನ್ನಾಗಿ ಮಾಡಬೇಡಿ. ಅವನೂ ಕಾಲುವೆ ಕಾಯುವ ಗ್ಯಾಂಗ್‌ಮನ್‌ಗೆ ಬೈದವನೇ, ತನಗಿಂತ ಕೆಳಗಿನ ಊರಿನ ಕುಡಿಯುವ ನೀರಿನ ಕೆರೆ ತುಂಬುವ ಮೊದಲೇ ತೂಬು ಎತ್ತಿದವನೇ ಆಗಿರಬಹುದು.

ಹಾಗಂತ ಎಲ್ಲ ಕಥೆಗೂ ಇದೇ ತಕ್ಕಡಿ ಹಿಡಿಯಬಾರದು. ಹೋಟೆಲಿನಲ್ಲಿ ದಲಿತರಿಗೆ ಬೇರೆ ಲೋಟ ಇಟ್ಟವನ ಮನೆಕಷ್ಟಕ್ಕೆ ಅರ್ಧ ಕಥೆ ಸುರಿದರೆ ಅದು ಸೂಕ್ಷ್ಮತೆ ಅಲ್ಲ, ಮುಲಾಜು. ಗಿರಾಕಿ ಕೈಬಿಟ್ಟಾರೆಂಬ ಅಂಜಿಕೆ ಅವನಿಗಿದ್ದರೆ ಒಂದೇ ಸಾಲಿನಲ್ಲಿ ಹೇಳಿ. ಕಣ್ಣು ಆ ಬೇರೆ ಲೋಟದಲ್ಲಿ ಕುಡಿಯಬೇಕಾದವನ ಮೇಲಿರಲಿ.

ಇನ್ನು ಕೊನೆ. ಪಶ್ಚಾತ್ತಾಪದ ಕಣ್ಣೀರು ಬೇಡವೇ ಬೇಡ. ರನ್ನನ ಗದಾಯುದ್ಧದಲ್ಲಿ ದುರ್ಯೋಧನ ಹೆಣಗಳ ನಡುವೆ ನಡೆಯುತ್ತಾ ಅಭಿಮನ್ಯುವನ್ನು ಕಾಣುತ್ತಾನೆ. ತನ್ನ ಕಡೆಯವರೇ ಸುತ್ತುಗಟ್ಟಿ ಕೊಂದ ಹುಡುಗನ ಶೌರ್ಯ ಹೊಗಳಿ, ಅಂಥ ಸಾವು ತನಗೂ ಬರಲಿ ಅನ್ನುತ್ತಾನೆ. ಭೀಮನ ಮೇಲಿನ ಹಗೆ ಮಾತ್ರ ಗುಲಗಂಜಿಯಷ್ಟೂ ಇಳಿಯುವುದಿಲ್ಲ. ಬದಲಾಗದೆಯೂ ಎದುರಿನವನನ್ನು ಸರಿಯಾಗಿ ಅಳೆಯಬಲ್ಲ ಮನುಷ್ಯ. ನಮ್ಮ ಗುತ್ತಿಗೆ ರೈತನೂ ಬಸ್ಸಿನ ಕಿಟಕಿಯಿಂದ ಕೊನೆ ಭಾಗದವನ ಒಣಗಿದ ಹತ್ತಿ ಹೊಲ ನೋಡಿ, "ಸಾಲು ಚೊಲೊ ಹಿಡದಾನ, ಒಂದು ನೀರು ಆಗಿದ್ರ ಸಾಕಿತ್ತು" ಅಂದರೆ ಸಾಕು. ಮುಂದಿನ ಬೆಳೆಗೂ ಅವನು ಚೀಲ ಇಡುತ್ತಾನೋ ಇಲ್ಲವೋ, ಹೇಳಬೇಡಿ.

ತಿದ್ದುವಾಗ ನೋಡಬೇಕಾದ್ದು ಭಾಷೆ. "ಕುತಂತ್ರಿ", "ವ್ಯಂಗ್ಯದ ನಗೆ ನಕ್ಕ" ಇವನ್ನೆಲ್ಲ ಹೊಡೆದುಹಾಕಿ. ಆಂಧ್ರದ ಕಡೆಯಿಂದ ಬಂದು ನೆಲೆಸಿದ ಕ್ಯಾಂಪಿನ ರೈತ ಕಥೆಯೊಳಗೆ ಬಂದ ಕೂಡಲೇ ಅವನ ಬಾಯಲ್ಲಿ ತೆಲುಗು ಬೆರೆಸಿ, ಊರಿನವನ ಬಾಯಲ್ಲಿ ಚೊಕ್ಕ ಕನ್ನಡ ಇಡುವ ಚಾಳಿ ಬಹಳ ಇದೆ. ಒಬ್ಬೊಬ್ಬರ ಮಾತನ್ನೂ ಜೋರಾಗಿ ಓದಿ ನೋಡಿ. ನಗಿಸಲು ಇಟ್ಟ ಉಚ್ಚಾರ ಒಬ್ಬನ ಪಾಲಿಗೆ ಮಾತ್ರ ಬಂದಿದ್ದರೆ ತೀರ್ಪು ಅಲ್ಲೇ ಬರೆದಾಗಿದೆ, ತೆಗೆಯಿರಿ.